ಮಕ್ಕಳಿಗೆ ಕರ್ಸಿವ್ ಬೇಕಾ? ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೈಮರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನದು. ಹಾಗಾಗಿ ಪೋಷಕರ ಸಭೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ವಾಟ್ಸಾಪ್‌ನಲ್ಲಿ ಎಲ್ಲಿ ಸಿಕ್ಕರೂ ಜನ ಕೇಳುವುದು ಇದನ್ನೇ. ಪದೇ ಪದೇ ಬರುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟು ಹಾಕಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕೈಬರಹ ಬೇಕೇ ಬೇಕು. ಕರ್ಸಿವ್ ಕಲಿಸಲಿ, ಆದರೆ ತಡವಾಗಿ ಕಲಿಸಲಿ, ಅದರ ಹೆಸರಿನಲ್ಲಿ ಮಾರ್ಕ್ಸ್ ಕತ್ತರಿಸುವುದು ಬೇಡ.

## ಏನು, ಎತ್ತ

ಕರ್ಸಿವ್ ಅಂದ್ರೆ ನೀಟಾಗಿ ಬರೆಯೋದು ಅಂತ ತಾನೇ?

ಅಲ್ಲ. ಒಂದು ಪದದ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ, ಪೆನ್ಸಿಲ್ ಆದಷ್ಟು ಎತ್ತದೆ ಬರೆಯುವುದು ಕರ್ಸಿವ್. ಬಿಡಿಬಿಡಿಯಾಗಿ ಬರೆದರೆ ಪ್ರಿಂಟ್. ಎರಡರಲ್ಲೂ ಮುತ್ತು ಪೋಣಿಸಿದಂತೆ ಬರೆಯಬಹುದು, ಎರಡರಲ್ಲೂ ಕಾಗೆಕಾಲು ಗುಬ್ಬಿಕಾಲು ಮಾಡಬಹುದು.

ಕರ್ಸಿವ್‌ನ ಜೀವ ಇರುವುದು ಅಕ್ಷರದಲ್ಲಲ್ಲ, ಜೋಡಣೆಯಲ್ಲಿ. ‘ಬ್ರೆಡ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆಯುವ ಮಗುವನ್ನು ಪಕ್ಕದಲ್ಲಿ ಕೂತು ನೋಡಿ. ನಾಲ್ಕು ಗೆರೆಯ ಕಾಪಿಯಲ್ಲಿ ಸ್ಮಾಲ್ ಬಿ ಮುಗಿಯುವುದು ಎರಡನೇ ಗೆರೆಯ ಹತ್ತಿರ, ಮೇಲೆ. ಆದರೆ ಮಗು ಸ್ಮಾಲ್ ಆರ್ ಕಲಿತಿದ್ದು ಮೂರನೇ ಗೆರೆಯಿಂದ, ಕೆಳಗಿನಿಂದ ಶುರುಮಾಡಿ. ಈಗ ಮೇಲಿನಿಂದಲೇ ಆರ್‌ಗೆ ಹೋಗಬೇಕು, ಆರ್‌ನ ಮುಖವೇ ಬದಲಾಗುತ್ತದೆ. ಮಗು ಪೆನ್ಸಿಲ್ ಎತ್ತಿ, ಒಂದು ಕ್ಷಣ ಯೋಚಿಸಿ, ಬಿಡಿಸಿ ಬರೆದು ನಡುವೆ ಒಂದು ಗೀಟು ಎಳೆದು ಸೇರಿಸಿಬಿಡುತ್ತದೆ. ಓ, ವಿ, ಡಬ್ಲ್ಯೂ ಆದಮೇಲೂ ಇದೇ ಪಜೀತಿ. ಬೋರ್ಡಿನ ಮೇಲೆ ಎ ಇಂದ ಝಡ್‌ವರೆಗೆ ಒಂದೊಂದೇ ಅಕ್ಷರ ಬರೆಸಿ ‘ಕರ್ಸಿವ್ ಮುಗೀತು’ ಎನ್ನುವ ಕಡೆ ಈ ಭಾಗವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಇದ್ದರೆ ಇದನ್ನು ಕಂಡುಹಿಡಿದದ್ದಾದರೂ ಯಾಕೆ?

ಮಸಿ ಕಾರಣ. ಗರಿಯ ಲೇಖನಿಯನ್ನೋ ನಿಬ್ಬನ್ನೋ ಕಾಗದದಿಂದ ಎತ್ತಿ ಎತ್ತಿ ಇಟ್ಟರೆ ಮಸಿ ತೊಟ್ಟಿಕ್ಕಿ ಕಲೆಯಾಗುತ್ತಿತ್ತು, ಬರೆಯುವ ಓಟವೂ ತಪ್ಪುತ್ತಿತ್ತು. ಒಂದೇ ಎಳೆತದಲ್ಲಿ ಹರಿಸಿದರೆ ಎರಡೂ ತೊಂದರೆ ಕಡಿಮೆ. ಇಂಗ್ಲೆಂಡಿನ ವ್ಯಾಪಾರಿಗಳ ಲೆಕ್ಕದ ಪುಸ್ತಕಗಳಲ್ಲಿ, ಕಚೇರಿಗಳಲ್ಲಿ ಬೆಳೆದ ದುಂಡು ಕೈಬರಹ ಕಂಪನಿ ಸರ್ಕಾರದ ಜೊತೆ ನಮ್ಮ ಕಡೆಗೂ ಬಂತು. ಗುಮಾಸ್ತನ ಕೆಲಸ ಹುಡುಕುವವನಿಗೆ ಕೈಬರಹವೇ ಅರ್ಹತೆಯಾಗಿದ್ದ ಕಾಲ ಅದು. 1938ರಲ್ಲಿ ಲಾಸ್ಲೊ ಬಿರೋ ಬಾಲ್‌ಪೆನ್ನಿಗೆ ಪೇಟೆಂಟ್ ಪಡೆದ. ಆಮೇಲೆ ಮಸಿ ತೊಟ್ಟಿಕ್ಕುವ ಭಯ ಹೋಯಿತು. ಅಭ್ಯಾಸ ಮಾತ್ರ ಉಳಿಯಿತು.

ಕನ್ನಡದಲ್ಲಿ ಯಾಕೆ ಕರ್ಸಿವ್ ಇಲ್ಲ?

ಶಾಲೆಯಲ್ಲಿ ಇಲ್ಲ, ಕಡತದಲ್ಲಿ ಇತ್ತು. ಹಳೆಯ ಲೆಕ್ಕಪತ್ರ ಬರೆಯುತ್ತಿದ್ದವರು ಅಕ್ಷರಗಳನ್ನು ಮುರಿದು, ಒಂದರೊಳಗೊಂದು ಹರಿಸಿ ಬರೆದದ್ದಕ್ಕೆ, ಮರಾಠಿಯಲ್ಲಿದ್ದಂತೆ, ನಮ್ಮಲ್ಲೂ ಮೋಡಿ ಎಂದೇ ಹೆಸರು. ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟು ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಸರಸರ ಬರೆಯುವವನಿಗೆ ತಲೆಕಟ್ಟು ಒತ್ತು ಎಲ್ಲ ತಿದ್ದಿ ತೀಡಲು ಪುರುಸೊತ್ತು ಎಲ್ಲಿ?

ಶಾಲೆಗೆ ಬಂದದ್ದು ಅಚ್ಚಿನ ಕನ್ನಡ. ನಮ್ಮ ಅಕ್ಷರಗಳು ಮೊದಲೇ ದುಂಡಗೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಈ ದುಂಡು ಎಂದು ಹೇಳುವುದುಂಟು. ಒತ್ತಕ್ಷರಕ್ಕೆ ಕೈ ಕೆಳಗಿಳಿದು ಮತ್ತೆ ಮೇಲೆ ಬರಬೇಕಾದ್ದರಿಂದ ಪದವನ್ನು ಒಂದೇ ಎಳೆತದಲ್ಲಿ ಮುಗಿಸುವುದು ಹೇಗೂ ಆಗದ ಮಾತು.

ಕರ್ಸಿವ್ ಕಡ್ಡಾಯ ಅಂತ ಸರ್ಕಾರದ ರೂಲ್ ಇದೆಯಾ?

ಖಾಸಗಿ ಶಾಲೆಗಳಲ್ಲಿ ನೀವು ನೋಡುವ ಒತ್ತಾಯ ಹೆಚ್ಚಿನ ಮಟ್ಟಿಗೆ ಆಡಳಿತ ಮಂಡಳಿಯ ತೀರ್ಮಾನ. ಜೊತೆಗೆ ಪಠ್ಯಪುಸ್ತಕದ ಸೆಟ್ಟಿನಲ್ಲೇ ಕರ್ಸಿವ್ ಕಾಪಿ ಪುಸ್ತಕವನ್ನೂ ಸೇರಿಸಿ ಮಾರುವ ಪ್ರಕಾಶಕರ ಪ್ರಭಾವ. ಬೋರ್ಡ್ ಪರೀಕ್ಷೆಯಲ್ಲಿ ಪ್ರಿಂಟ್‌ನಲ್ಲಿ ಬರೆದ ಉತ್ತರಕ್ಕೂ ಕರ್ಸಿವ್‌ನಲ್ಲಿ ಬರೆದ ಉತ್ತರಕ್ಕೂ ಅಂಕ ಒಂದೇ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಂತೂ ಆಟ, ಚಿತ್ರ, ಗೀಚುವಿಕೆ ಇವುಗಳ ಮೂಲಕ ಬರವಣಿಗೆಗೆ ಬನ್ನಿ ಎನ್ನುತ್ತದೆ.

## ಮನೆಯಲ್ಲಿ, ಹೋಂವರ್ಕ್ ಹೊತ್ತಿನಲ್ಲಿ

ಯುಕೆಜಿ ಮಗಳಿಗೆ ಕರ್ಸಿವ್ ಕೊಟ್ಟಿದ್ದಾರೆ. ದಿನಾ ಅಳ್ತಾಳೆ. ಏನು ಮಾಡ್ಲಿ ಟೀಚರ್?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಉತ್ತರಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಇಂಗ್ಲಿಷಿನಲ್ಲಿ 26 ಅಕ್ಷರ ಎನ್ನುತ್ತೇವೆ. ಕ್ಯಾಪಿಟಲ್, ಸ್ಮಾಲ್ ಸೇರಿದರೆ 52. ಕರ್ಸಿವ್ ಸೇರಿಸಿದರೆ ಮತ್ತೆ 52, ಒಟ್ಟು 104 ಆಕಾರ. ಅದೇ ಮಗು ಕನ್ನಡದ 49 ಅಕ್ಷರ ತಿದ್ದಬೇಕು. ಕಾಗುಣಿತ ಬೇರೆ, ಒತ್ತು ಬೇರೆ. ಕೆಲವು ಶಾಲೆಗಳಲ್ಲಿ ಒಂದನೇ ಕ್ಲಾಸಿಗೇ ಹಿಂದಿ ಬಂದು ಕೂರುತ್ತದೆ. ಐದು ವರ್ಷದ ಕೈ, ಇನ್ನೂ ಅಂಗಿಯ ಗುಂಡಿ ಹಾಕಲು ತಡಕಾಡುವ ಬೆರಳು. ಲಂಡನ್ನಿನ ಮಗುವಿಗೋ ಪ್ಯಾರಿಸ್ಸಿನ ಮಗುವಿಗೋ ಶಾಲೆಯಲ್ಲಿ ಒಂದೇ ಲಿಪಿ. ಫ್ರಾನ್ಸಿನಲ್ಲಿ ಆರನೇ ವರ್ಷಕ್ಕೇ ಕರ್ಸಿವ್ ಕಲಿಸುತ್ತಾರೆ ನೋಡಿ ಎಂದು ವಾದಿಸುವವರು ಇದನ್ನು ಮರೆಯುತ್ತಾರೆ.

ಈಗ ಏನು ಮಾಡುವುದು? ಮೊದಲು ಕ್ಲಾಸ್ ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿ. ‘ಎರಡು ಪುಟದ ಬದಲು ಎರಡು ಸಾಲು ಬರೆಸುತ್ತೇವೆ, ನಡೆಯುತ್ತಾ?’ ಎಂದು ಕೇಳಿ. ಎಷ್ಟೋ ಟೀಚರುಗಳು ಒಪ್ಪುತ್ತಾರೆ, ಅವರಿಗೂ ಮೇಲಿನವರ ಒತ್ತಡವೇ ಇರುವುದು. ಮನೆಯಲ್ಲಿ ಕರ್ಸಿವ್ ಪುಸ್ತಕ ಪಕ್ಕಕ್ಕಿಟ್ಟು ಚಪಾತಿ ಹಿಟ್ಟಿನಲ್ಲಿ ಹೊಸೆಯಲಿ, ಅಂಗಳದಲ್ಲಿ ರಂಗೋಲಿ ಎಳೆ ಎಳೆಯಲಿ, ಸ್ಲೇಟಿನ ಮೇಲೆ ದೊಡ್ಡದಾಗಿ ಗೀಚಲಿ. ದಯವಿಟ್ಟು ಕೈ ಹಿಡಿದು ತಿದ್ದಿಸುತ್ತಾ ‘ಪಕ್ಕದ ಮನೆ ಹುಡುಗಿ ನೋಡು’ ಅನ್ನಬೇಡಿ.

ಯಾವ ವಯಸ್ಸಿಗೆ ಶುರುಮಾಡಿದರೆ ಸರಿ?

ಮಗು ಪ್ರಿಂಟ್‌ನಲ್ಲಿ ಒಂದು ಪುಟ್ಟ ವಾಕ್ಯವನ್ನು ನೋಡದೆ, ಅಕ್ಷರದ ಆಕಾರಕ್ಕಾಗಿ ತಡವರಿಸದೆ ಬರೆಯುವಂತಾದ ಮೇಲೆ. ನನ್ನ ಅನುಭವದಲ್ಲಿ ಅದು ಮೂರನೇ ಅಥವಾ ನಾಲ್ಕನೇ ತರಗತಿ. ಆ ವಯಸ್ಸಿನ ಮಕ್ಕಳು ಕರ್ಸಿವ್ ಅನ್ನು ದೊಡ್ಡವರ ಗುಟ್ಟು ಸಿಕ್ಕಿತೆಂಬಂತೆ ಖುಷಿಯಿಂದ ಕಲಿಯುತ್ತಾರೆ.

ಯಾವ ಕಾಪಿ, ಯಾವ ಪೆನ್ಸಿಲ್ ತರಬೇಕು?

ಅಂಗಡಿಯಲ್ಲಿ ಸಿಗುವ ನಾಲ್ಕು ಗೆರೆ ಕಾಪಿ ಸಾಕು, ಗೆರೆಗಳ ನಡುವಿನ ಜಾಗ ಅಗಲ ಇರುವುದನ್ನು ಆರಿಸಿ. ಪೆನ್ಸಿಲ್ ತೀರಾ ಸಣ್ಣದಾಗುವವರೆಗೆ ಬಳಸಬೇಡಿ, ಮೋಟು ಪೆನ್ಸಿಲ್ ಹಿಡಿದ ಕೈ ಬೇಗ ನೋಯುತ್ತದೆ. ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಮುಟ್ಟಲಿ. ಮುಟ್ಟದಿದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ. ಸೋಫಾದಲ್ಲಿ ಒರಗಿ ಬರೆಸಿ ‘ಅಕ್ಷರ ಸೊಟ್ಟ’ ಅಂದರೆ ಮಗು ಏನು ಮಾಡೀತು?

ಬಿ ಮತ್ತು ಡಿ ಅದಲುಬದಲು ಬರೀತಾನೆ. ಕರ್ಸಿವ್ ಕಲಿಸಿದರೆ ಸರಿಹೋಗುತ್ತಾ?

ಸ್ವಲ್ಪ ಸಹಾಯವಾಗಬಹುದು. ಪ್ರಿಂಟ್‌ನಲ್ಲಿ ಇವೆರಡೂ ಒಂದು ಕೋಲು, ಒಂದು ಹೊಟ್ಟೆ. ಕರ್ಸಿವ್‌ನಲ್ಲಿ ಬಿ ಶುರುವಾಗುವುದು ಮೇಲಕ್ಕೆ ಹೋಗುವ ಸುರುಳಿಯಿಂದ, ಡಿ ಶುರುವಾಗುವುದು ಹೊಟ್ಟೆಯಿಂದ. ಕೈಯ ಚಲನೆಯೇ ಬೇರೆಯಾದ್ದರಿಂದ ಗೊಂದಲ ತಗ್ಗುತ್ತದೆ. ಆದರೆ ಏಳು ವರ್ಷದವರೆಗೆ ಈ ಅದಲುಬದಲು ಮಾಮೂಲು, ಅದಕ್ಕೆಂದೇ ಒಂದು ಹೊಸ ಬರಹ ಕಲಿಸುವ ಅಗತ್ಯವಿಲ್ಲ.

ನನ್ನ ಮಗ ಎಡಚ. ಕರ್ಸಿವ್ ಬರೆದರೆ ಕೈಯೆಲ್ಲ ಮಸಿ.

ಬರೆದದ್ದರ ಮೇಲೆಯೇ ಕೈ ಸಾಗುವುದರಿಂದ ಹಾಗಾಗುತ್ತದೆ. ಕಾಪಿಯನ್ನು ಬಲಕ್ಕೆ ವಾಲಿಸಿ ಇಡಿ, ಅಂದರೆ ಮೇಲಿನ ಎಡ ಮೂಲೆ ಎತ್ತರದಲ್ಲಿರಲಿ. ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಯಲಿ, ಕೈ ಸಾಲಿನ ಕೆಳಗೆ ಇರಲಿ. ಬೆಂಚಿನ ಎಡತುದಿಯಲ್ಲಿ ಕೂರಿಸಲು ಶಾಲೆಗೆ ಹೇಳಿ, ಪಕ್ಕದವನ ಮೊಣಕೈ ತಾಗುವುದಿಲ್ಲ. ಕರ್ಸಿವ್‌ನ ಓರೆಯನ್ನು ಬಲಕ್ಕೇ ವಾಲಿಸಬೇಕೆಂದು ಹಟ ಹಿಡಿಯುವುದು ಬೇಡ, ನೆಟ್ಟಗಿದ್ದರೂ ಅದು ಕರ್ಸಿವ್ವೇ. ಕೈ ಬದಲಾಯಿಸಲು ಹೋಗಲೇಬೇಡಿ.

ಎಷ್ಟು ಬರೆಸಿದರೂ ಸುಧಾರಿಸ್ತಿಲ್ಲ. ಬಾಯಲ್ಲಿ ಎಲ್ಲ ಹೇಳ್ತಾನೆ, ಬರೆಯೋಕೆ ಕೂತರೆ ಅರ್ಧ ಗಂಟೆಗೆ ಎರಡು ಸಾಲು.

ಇದನ್ನು ಸೋಮಾರಿತನ ಎಂದು ತಳ್ಳಿಹಾಕಬೇಡಿ. ಡಿಸ್‌ಗ್ರಾಫಿಯಾ, ಅಂದರೆ ಬರೆಯುವುದೇ ಕಷ್ಟವಾಗುವ ಕಲಿಕಾ ನ್ಯೂನತೆ, ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೇಳಬೇಕಾದವರು ಪರೀಕ್ಷಿಸಿ ನೋಡುವ ತಜ್ಞರು, ನಾನೂ ಅಲ್ಲ ನೀವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಡಿಸ್‌ಗ್ರಾಫಿಯಾ ಸೇರಿದೆ. ಸರಿಯಾದ ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಸೌಲಭ್ಯ ಸಿಗುತ್ತದೆ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಓಡಾಡುವುದಕ್ಕಿಂತ ಮೂರು ನಾಲ್ಕನೇ ತರಗತಿಯಲ್ಲೇ ತೋರಿಸಿ. ಇಂಥ ಮಗುವಿಗೆ ಕರ್ಸಿವ್ ಒಗ್ಗದಿದ್ದರೆ ಬಿಟ್ಟುಬಿಡಿ, ಟೈಪ್ ಮಾಡಲು ಕಲಿಸಿ.

ಉತ್ತರ ಸರಿ ಇದ್ರೂ ಕರ್ಸಿವ್‌ನಲ್ಲಿ ಬರೆದಿಲ್ಲ ಅಂತ ಮಾರ್ಕ್ಸ್ ಕಟ್ ಮಾಡಿದ್ದಾರೆ. ಇದು ನ್ಯಾಯವಾ?

ನ್ಯಾಯವಲ್ಲ. ವಿಜ್ಞಾನದ ಉತ್ತರಕ್ಕೆ ವಿಜ್ಞಾನದ ಅಂಕ ಕೊಡಬೇಕು. ಓದಲಾಗದಷ್ಟು ಗೀಚಿದ್ದರೆ ಮಾತು ಬೇರೆ.

ಬೇಸಿಗೆ ರಜೆಯಲ್ಲಿ ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಸೇರಿಸಬಹುದಾ?

ಮಗುವಿಗೆ ಇಷ್ಟವಿದ್ದರೆ ಸೇರಿಸಿ. ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿ: ಕನ್ನಡ ಅಕ್ಷರವನ್ನೂ ತಿದ್ದಿಸುತ್ತೀರಾ? ‘ಇಲ್ಲ ಮೇಡಂ, ಇಂಗ್ಲಿಷ್ ಮಾತ್ರ’ ಎಂಬ ಉತ್ತರ ಬಂದರೆ ನಿಮ್ಮ ತೀರ್ಮಾನ ನಿಮಗೆ ಬಿಟ್ಟದ್ದು. ‘ಕೆಲವೇ ದಿನಗಳಲ್ಲಿ ಅಕ್ಷರ ಬದಲು’ ಎಂಬ ಪಾಂಪ್ಲೆಟ್ಟಿನ ಮೊದಲು-ನಂತರದ ಫೋಟೊಗಳನ್ನು ನಂಬಬೇಡಿ. ನಿಧಾನವಾಗಿ ನಕಲು ಮಾಡಿದ ನಾಲ್ಕು ಸಾಲು ಯಾರದ್ದಾದರೂ ಚೆಂದವೇ.

## ದೊಡ್ಡ ಮಕ್ಕಳು, ದೊಡ್ಡವರ ಅನುಮಾನಗಳು

ಎಸ್ಸೆಸ್ಸೆಲ್ಸಿಯಲ್ಲಿ ಟೈಮ್ ಸಾಲಲ್ಲ. ಕರ್ಸಿವ್ ಬಂದರೆ ಸ್ಪೀಡ್ ಬರುತ್ತಂತಲ್ಲ?

ಎಲ್ಲರೂ ಹೇಳುವ ಮಾತು, ಅರ್ಧ ನಿಜ. ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಕರ್ಸಿವ್ ಬರೆಯುವವರಿಗಿಂತಲೂ ಬರೀ ಪ್ರಿಂಟ್ ಬರೆಯುವವರಿಗಿಂತಲೂ ಎರಡನ್ನೂ ಬೆರೆಸಿ ಬರೆಯುವ ಮಕ್ಕಳದ್ದೇ ವೇಗ ಹೆಚ್ಚು ಎಂದು ಕಂಡುಬಂತು. ದೊಡ್ಡವರ ಬರಹ ನೋಡಿ: ಸುಲಭವಾಗಿ ಸೇರುವ ಕಡೆ ಸೇರಿಸುತ್ತೇವೆ, ತೊಡಕಿರುವ ಕಡೆ ಕೈ ಎತ್ತುತ್ತೇವೆ. ಹಾಗಾಗಿ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಈಗ ಕೂತು ಶುದ್ಧ ಕರ್ಸಿವ್ ಕಲಿಸಬೇಡಿ. ಗಡಿಯಾರ ಇಟ್ಟುಕೊಂಡು ಹಳೆ ಪ್ರಶ್ನೆಪತ್ರಿಕೆಗೆ ಉತ್ತರ ಬರೆಸಿ. ಸಮಯ ಸಾಲದಿರುವುದಕ್ಕೆ ಬಹುಪಾಲು ಕಾರಣ ಏನು ಬರೆಯಬೇಕೆಂದು ಯೋಚಿಸುತ್ತ ಕೂರುವುದು.

ಕರ್ಸಿವ್ ಬರದಿದ್ದರೆ ಸಹಿ ಹೇಗೆ ಹಾಕ್ತಾರೆ?

ಕನ್ನಡದಲ್ಲಿ ಹಾಕುತ್ತಾರೆ! ಬ್ಯಾಂಕಿಗೆ ಬೇಕಿರುವುದು ಅವರಲ್ಲಿರುವ ಮಾದರಿಗೆ ಹೊಂದುವ ಸಹಿ. ಅದು ಇಂಗ್ಲಿಷಿನಲ್ಲಿರಬೇಕು, ಕೂಡಿಸಿ ಬರೆದಿರಬೇಕು ಎಂದೇನಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯಂತೂ ಹೆಸರು ಬರೆಯಲು ಬಾರದವರು ಹಾಕುವ ಗುರುತನ್ನೂ ಸಹಿ ಎಂದೇ ಒಪ್ಪುತ್ತದೆ.

ಡಾಕ್ಟರುಗಳು ಬರೆಯೋದು ಕರ್ಸಿವ್ವಾ?

ತಮಾಷೆಗೆ ಕೇಳಿದರೂ ಇದರಲ್ಲಿ ಒಂದು ಅಂಶವಿದೆ. ಔಷಧಿಯ ಹೆಸರನ್ನು ಓದಲು ಬರುವಂತೆ, ಆದಷ್ಟು ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ವೈದ್ಯರ ವೃತ್ತಿ ನಿಯಮಕ್ಕೆ ತಿದ್ದುಪಡಿ ತಂದರು. ಜೀವದ ಪ್ರಶ್ನೆ ಬಂದಾಗ ‘ಬಿಡಿಸಿ ಬರೆಯಿರಿ’ ಅಂದರು. ಅರ್ಜಿ ಫಾರ್ಮುಗಳಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ತುಂಬಿಸುವುದೂ ಅದಕ್ಕೇ.

ಕರ್ಸಿವ್ ಬರೆದರೆ ಮೆದುಳು ಚುರುಕಾಗುತ್ತೆ ಅಂತ ಸೈನ್ಸೇ ಹೇಳಿದೆಯಲ್ಲ?

ಫಾರ್ವರ್ಡ್ ಆಗಿ ಬರುವ ಈ ಮಾತಿನ ಹಿಂದೆ ನಿಜವಾದ ಅಧ್ಯಯನಗಳಿವೆ, ಆದರೆ ಅವು ಹೇಳುವುದು ಬೇರೆ. ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಂದ ಅಕ್ಷರಗಳನ್ನು ಕೈಯಲ್ಲಿ ಬರೆಸಿದರು, ತಿದ್ದಿಸಿದರು, ಟೈಪ್ ಮಾಡಿಸಿದರು. ಆಮೇಲೆ ಸ್ಕ್ಯಾನ್‌ನಲ್ಲಿ ಆ ಅಕ್ಷರಗಳನ್ನು ತೋರಿಸಿದಾಗ, ತಾವೇ ಕೈಯಾರೆ ಬರೆದಿದ್ದ ಅಕ್ಷರಗಳಿಗೆ ಮಾತ್ರ ಓದಿಗೆ ಬೇಕಾದ ಮೆದುಳಿನ ಭಾಗಗಳು ಚೆನ್ನಾಗಿ ಸ್ಪಂದಿಸಿದವು. ಆ ಮಕ್ಕಳು ಬರೆದದ್ದು ಪ್ರಿಂಟ್ ಅಕ್ಷರ. ಕರ್ಸಿವ್ ಅಲ್ಲವೇ ಅಲ್ಲ.

ನಾರ್ವೆಯ ಔಡ್ರಿ ವಾನ್ ಡೆರ್ ಮೀರ್ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ವಿದ್ಯಾರ್ಥಿಗಳು ಡಿಜಿಟಲ್ ಪೆನ್ನಿನಲ್ಲಿ ಕರ್ಸಿವ್ ಬರೆದರು ನಿಜ. ಆದರೆ ಅದನ್ನು ಹೋಲಿಸಿದ್ದು ಒಂದೇ ಬೆರಳಿನಲ್ಲಿ ಕೀಲಿಮಣೆ ಒತ್ತುವುದರ ಜೊತೆ, ಪ್ರಿಂಟ್ ಬರಹದ ಜೊತೆಯಲ್ಲ. ಅಂದರೆ ಇವು ಕೈಬರಹದ ಪರ ಸಾಕ್ಷ್ಯ. ಕರ್ಸಿವ್ ಪ್ರಿಂಟ್‌ಗಿಂತ ಮೇಲು ಎನ್ನುವುದಕ್ಕೆ ಇವನ್ನು ಎಳೆದು ತರುವುದು ಸರಿಯಲ್ಲ. ಮೆದುಳಿಗಾಗಿಯೇ ಬರೆಸುವುದಾದರೆ ಕನ್ನಡ ಬರೆಸಿ, ‘ಜ್ಞ’ ಬರೆಯುವ ಬೆರಳಿಗೆ ಸಾಕಷ್ಟು ಕಸರತ್ತು ಸಿಗುತ್ತದೆ.

ಹಾಗಾದರೆ ಕರ್ಸಿವ್ ಪರವಾಗಿ ಗಟ್ಟಿ ಸಾಕ್ಷ್ಯವೇ ಇಲ್ಲವಾ?

ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಎರಡನೇ ತರಗತಿಯ 718 ಮಕ್ಕಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದ ಕರ್ಸಿವ್ ಮಾತ್ರ ಕಲಿತವರು ಸ್ಪೆಲಿಂಗ್‌ನಲ್ಲಿ, ವಾಕ್ಯರಚನೆಯಲ್ಲಿ ಚೆನ್ನಾಗಿ ಮಾಡಿದ್ದರು. ನಾನು ಹೇಳುವ ‘ಮೊದಲು ಪ್ರಿಂಟ್, ಆಮೇಲೆ ಕರ್ಸಿವ್’ ಕ್ರಮಕ್ಕೆ ಇದು ನೇರ ಎದುರು. ಇದನ್ನು ಹಗುರವಾಗಿ ಕಾಣಲಾರೆ. ಆದರೆ ಆ ಮಕ್ಕಳು ಫ್ರೆಂಚ್ ಆಡುವ ಊರಿನಲ್ಲಿ ಫ್ರೆಂಚ್ ಬರೆಯುತ್ತಿದ್ದವರು. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುತ್ತ, ಎರಡು ಲಿಪಿಯನ್ನು ಒಟ್ಟಿಗೆ ಕಲಿಯುತ್ತ, ಇಂಗ್ಲಿಷ್ ಪುಸ್ತಕದಲ್ಲಿ ಪ್ರಿಂಟ್ ಅಕ್ಷರ ಮಾತ್ರ ನೋಡುವ ಮಗುವಿಗೆ, ಓದುವ ಅಕ್ಷರವೇ ಬರೆಯುವ ಅಕ್ಷರವೂ ಆಗಿರುವುದು ಒಳ್ಳೆಯದೆಂದು ನನಗೆ ಈಗಲೂ ಅನಿಸುತ್ತದೆ.

ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೀವಿ. ಬಿಟ್ಟಿದ್ದನ್ನು ಮತ್ತೆ ಕಾನೂನು ಮಾಡಿ ತಂದಿದ್ದಾರೆ. ಫಿನ್ಲೆಂಡ್ ಬಿಟ್ಟಿದೆ ಅಂತಾರೆ. ಯಾರು ಸರಿ?

2010ರಲ್ಲಿ ಅಮೆರಿಕದ ಹಲವು ರಾಜ್ಯಗಳು ಒಪ್ಪಿಕೊಂಡ ‘ಕಾಮನ್ ಕೋರ್’ ಎಂಬ ಶಾಲಾ ಕಲಿಕೆಯ ಮಾನದಂಡದಲ್ಲಿ ಟೈಪಿಂಗ್ ಇತ್ತು, ಕರ್ಸಿವ್ ಮಾತಿರಲಿಲ್ಲ. ಶಾಲೆಗಳು ಮೆಲ್ಲಗೆ ಕೈಬಿಟ್ಟವು. ಆಮೇಲೆ ಒಂದೊಂದೇ ರಾಜ್ಯ ಹಿಂದಿರುಗಿತು. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಶಿಕ್ಷಕಿಯಾಗಿದ್ದ ಶಾಸಕಿ ಶಾರನ್ ಕ್ವರ್ಕ್-ಸಿಲ್ವಾ ತಂದ ಮಸೂದೆಗೆ 2023ರ ಅಕ್ಟೋಬರ್‌ನಲ್ಲಿ ಅಂಕಿತ ಬಿತ್ತು. 2024ರಿಂದ ಅಲ್ಲಿ ಒಂದರಿಂದ ಆರನೇ ತರಗತಿಯೊಳಗೆ, ಸೂಕ್ತ ಹಂತದಲ್ಲಿ, ಕೂಡಿಸಿ ಬರೆಯುವುದನ್ನು ಕಲಿಸಬೇಕು. ಹಳೆಯ ಪತ್ರ, ದಾಖಲೆ ಓದಲು ಬರಬೇಕೆಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಕೈಬರಹದ ಹಳೆ ದಾಖಲೆಗಳನ್ನು ಟೈಪ್ ಮಾಡಿಕೊಡುವ ಸ್ವಯಂಸೇವಕರನ್ನು ಕರೆಯುತ್ತಲೇ ಇದೆ.

ಫಿನ್ಲೆಂಡ್ 2016ರಿಂದ ಕೂಡು ಬರಹವನ್ನು ಕಡ್ಡಾಯದ ಪಟ್ಟಿಯಿಂದ ತೆಗೆಯಿತು. ‘ಫಿನ್ಲೆಂಡ್ ಪೆನ್ನು ಬಿಟ್ಟಿತು’ ಎಂಬ ಸುದ್ದಿ ಸುಳ್ಳು. ಅಲ್ಲಿನ ಮಕ್ಕಳು ಕೈಯಲ್ಲೇ ಬರೆಯುತ್ತಾರೆ, ಬಿಡಿಸಿ ಬರೆಯುತ್ತಾರೆ. ನನಗೆ ಹಿಡಿಸಿದ್ದು ಸ್ವಿಟ್ಜರ್ಲೆಂಡಿನ ಜರ್ಮನ್ ಭಾಗದವರ ದಾರಿ. ಹಾನ್ಸ್ ಎಡ್ವರ್ಡ್ ಮೇಯರ್ ರೂಪಿಸಿದ ಸರಳ ಅಕ್ಷರಗಳನ್ನು ಕಲಿಸಿ, ಸಲೀಸಾಗಿ ಸೇರುವ ಕಡೆ ಮಾತ್ರ ಸೇರಿಸಲು ಬಿಡುತ್ತಾರೆ. ನೀವಂತೂ ನಿಮ್ಮ ಶಾಲೆ ಹೇಳಿದಂತೆ ಕಲಿಸಿ. ಅಲ್ಲಿ ಮಕ್ಕಳ ಮೇಲೆ ಮೂರು ಲಿಪಿಯ ಹೊರೆ ಇಲ್ಲ. ಭಾನುವಾರದ ಕನ್ನಡ ಕಲಿ ತರಗತಿಯ ಪುಸ್ತಕವನ್ನೂ ಆಗಾಗ ತೆರೆಸಿ.

ಅಜ್ಜನ ಕಾಲದ ಮೋಡಿ ಕಾಗದ ನಮ್ಮ ಮನ್ಯಾಗ ಅದಾವ್ರಿ, ಯಾರಿಗೂ ಓದಾಕ ಬರಂಗಿಲ್ಲ. ಕರ್ಸಿವ್ ಬಿಟ್ರ ಮುಂದ ಇಂಗ್ಲಿಷಿಗೂ ಇದ ಗತಿ ಆಗ್ತದೇನು?

ಒಳ್ಳೆಯ ಪ್ರಶ್ನೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಿಮ್ಮ ಕಡೆ ಮರಾಠಿ ವ್ಯವಹಾರದ ಕಾಗದಗಳು ಈ ಮೋಡಿ ಲಿಪಿಯಲ್ಲಿದ್ದವು. ಅಚ್ಚು ದೇವನಾಗರಿಯಲ್ಲಿ ನಿಂತಿತು, ಕಳೆದ ಶತಮಾನದ ನಡುವಿನ ಹೊತ್ತಿಗೆ ಶಾಲೆಯಿಂದಲೂ ಮೋಡಿ ಹೋಯಿತು. ಈಗ ಜಮೀನಿನ ಹಳೆ ಕಾಗದ ಹಿಡಿದು ಓದುವವರನ್ನು ಹುಡುಕಿಕೊಂಡು ಅಲೆಯಬೇಕು. ಜರ್ಮನಿಯಲ್ಲೂ ಹೀಗೇ ಆಗಿದೆ. ಪ್ರಷ್ಯಾದ ಶಾಲೆಗಳಲ್ಲಿ 1915ರಿಂದ ಕಲಿಸಿದ ಸುಟರ್ಲಿನ್ ಬರಹವನ್ನು 1941ರಲ್ಲಿ ನಿಲ್ಲಿಸಿದರು, ಮೊಮ್ಮಕ್ಕಳಿಗೆ ಅಜ್ಜಿಯ ಪತ್ರ ಓದಲು ಬಾರದಾಯಿತು.

ಆದರೆ ಇಂಗ್ಲಿಷ್ ಕರ್ಸಿವ್ ಅಷ್ಟು ದೂರದ್ದಲ್ಲ. ಅದರ ಬಹುಪಾಲು ಅಕ್ಷರ ಪ್ರಿಂಟ್‌ನ ನೆಂಟರೇ. ಸ್ಮಾಲ್ ಆರ್, ಎಸ್, ಝಡ್, ಕ್ಯಾಪಿಟಲ್ ಜಿ, ಕ್ಯೂ ಹೀಗೆ ಕೆಲವಷ್ಟೇ ಗುರುತು ಸಿಗುವುದಿಲ್ಲ. ಓದಲು ಕಲಿಸುವುದಕ್ಕೆ ವರ್ಷಗಟ್ಟಲೆ ಬರೆಸಬೇಕಿಲ್ಲ, ಐದನೇ ತರಗತಿಯಲ್ಲಿ ಒಂದಷ್ಟು ಪಾಠ ಸಾಕು. ಬರೆಯಲು ಬಾರದಿದ್ದರೂ ಓದಲು ಬರಲೇಬೇಕು ಎಂಬಲ್ಲಿ ನಾನು ಬಿಗಿ. ನಿಮ್ಮ ಕಾಗದಗಳನ್ನು ಮಾತ್ರ ಲ್ಯಾಮಿನೇಶನ್ ಮಾಡಿಸಬೇಡಿ, ಮೊದಲು ಚೆನ್ನಾಗಿ ಸ್ಕ್ಯಾನ್ ಮಾಡಿಸಿ.

ಇಂಗ್ಲಿಷ್ ಚೆಂದ ಬರೀತಾಳೆ, ಕನ್ನಡ ಮಾತ್ರ ನೋಡೋಕಾಗಲ್ಲ. ಯಾಕೆ ಹೀಗೆ?

ಇಂಗ್ಲಿಷಿಗೆ ನಾಲ್ಕು ಗೆರೆ ಕಾಪಿ, ಕರ್ಸಿವ್ ಕಾಪಿ, ಅದಕ್ಕೊಂದು ಪೀರಿಯಡ್. ಕನ್ನಡಕ್ಕೆ? ಅಕ್ಷರಮಾಲೆ ಮುಗಿದ ಮೇಲೆ ಯಾರೂ ಕೈ ನೋಡುವುದಿಲ್ಲ. ಎರಡು ಗೆರೆಯ ನಡುವೆ ಮೂಲಾಕ್ಷರ, ಕೆಳಗಿನ ಖಾಲಿ ಜಾಗದಲ್ಲಿ ಒತ್ತು ಎಂದು ಹೇಳಿಕೊಡದೆ ಒಂದೇ ಗೆರೆಯ ನೋಟ್‌ಬುಕ್ಕಿಗೆ ದಾಟಿಸಿಬಿಡುತ್ತೇವೆ. ‘ಸ್ವಾತಂತ್ರ್ಯ’ ಬರೆಯಲು ಹೇಳಿ ನೋಡಿ. ಕೊನೆಯ ತಕಾರದ ಕೆಳಗೆ ರ, ಯ ಎರಡನ್ನೂ ಇಡಲು ಜಾಗ ಸಾಲದೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದಿರುತ್ತದೆ. ದ ಧ, ಬ ಭ ನಡುವಿನ ಸಣ್ಣ ಸೀಳು ಅವಸರದಲ್ಲಿ ಮಾಯ. ಪ, ವ ಒಂದೇ. ದಿನಕ್ಕೆ ಐದು ಸಾಲು ಕಾಪಿ ಬರೆಸಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ. ತಿಂಗಳೊಪ್ಪತ್ತಿನಲ್ಲಿ ಗುರುತಿಸುವಷ್ಟು ವ್ಯತ್ಯಾಸ ಕಾಣುತ್ತದೆ.

ನಿಮ್ಮ ಕೈಗೆ ಪಠ್ಯಕ್ರಮ ಕೊಟ್ಟರೆ ಏನು ಮಾಡ್ತೀರಿ?

ಎಲ್‌ಕೆಜಿ, ಯುಕೆಜಿಯಲ್ಲಿ ಗೆರೆಯ ಕಾಪಿಯೇ ಬೇಡ. ಒಂದು, ಎರಡರಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪ್ರಿಂಟ್, ಅಕ್ಷರ ಎಲ್ಲಿಂದ ಶುರುವಾಗಿ ಎತ್ತ ತಿರುಗುತ್ತದೆ ಎಂಬುದರ ಮೇಲೆ ಕಣ್ಣಿಟ್ಟು. ಮೂರನೆಯದರ ಕೊನೆಗೋ ನಾಲ್ಕಕ್ಕೋ ಕರ್ಸಿವ್, ವಾರಕ್ಕೆ ಎರಡು ಪೀರಿಯಡ್, ಜೋಡಣೆಯಿಂದಲೇ ಶುರು, ಒಂದು ವರ್ಷ ಮಾತ್ರ. ಕರ್ಸಿವ್ ಕ್ಯಾಪಿಟಲ್‌ಗಳನ್ನು ಬರೆಸುವುದಿಲ್ಲ, ಓದಿಸುತ್ತೇನೆ ಅಷ್ಟೆ. ಐದರಿಂದ ಯಾವ ರೀತಿ ಬರೆಯುವುದೆಂಬ ಆಯ್ಕೆ ಮಗುವಿನದ್ದು. ಕರ್ಸಿವ್‌ನಿಂದ ಉಳಿದ ಪೀರಿಯಡ್‌ಗಳಲ್ಲಿ ಒಂದು ಕನ್ನಡ ಶುದ್ಧಬರಹಕ್ಕೆ, ಇನ್ನೊಂದು ಆರನೇ ತರಗತಿಯಿಂದ ಕನ್ನಡ ಟೈಪಿಂಗ್‌ಗೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಮೂಡಿಸುವ ಮಕ್ಕಳಿಗೆ ಕನ್ನಡದ ಕೀಲಿಮಣೆಯ ವಿನ್ಯಾಸ ಹೇಗಿದೆ ಎಂಬುದನ್ನೂ ಅಲ್ಲೇ ತೋರಿಸಬಹುದು.